ಲೈಟ್ ಇದೆ, ಫ್ಯಾನ್ ತಿರುಗುತ್ತಿದೆ, ಸ್ಕ್ರೀನ್ ಮಾತ್ರ ಕಪ್ಪು

ಹೋದ ತಿಂಗಳು ಒಂದು ಶನಿವಾರ ರಾತ್ರಿ, ನಮ್ಮ ಬಿಲ್ಡಿಂಗ್‌ನ ಮೇಂಟೆನೆನ್ಸ್ ಲೆಕ್ಕ ಬರೆಯುತ್ತಾ ಕೂತಿದ್ದೆ. ಮಧ್ಯದಲ್ಲಿ ಕಾಫಿ ಬೇಕೆನಿಸಿತು. ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗಿ, ಲೋಟ ಹಿಡಿದು ಬಂದು ತೆರೆದರೆ ಸ್ಕ್ರೀನ್ ಪೂರ್ತಿ ಕಪ್ಪು. ಪವರ್ ಲೈಟ್ ಉರಿಯುತ್ತಿದೆ, ಫ್ಯಾನ್ ತಿರುಗುವ ಸದ್ದೂ ಇದೆ, ಆದರೆ ಏನೂ ಕಾಣುತ್ತಿಲ್ಲ.

2014ರಲ್ಲಿ ತಗೊಂಡ ಲ್ಯಾಪ್‌ಟಾಪ್ ಇದು. ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದ ಮೇಲೆ ಚೆನ್ನಾಗಿಯೇ ಓಡುತ್ತಿತ್ತು. ವಿಂಡೋಸ್ 10ಕ್ಕೆ ಸಪೋರ್ಟ್ 2025ರ ಅಕ್ಟೋಬರ್‌ಗೆ ನಿಂತಾಗಿನಿಂದ "ಇದನ್ನ ಇನ್ನೂ ಇಟ್ಕೊಂಡಿದ್ದೀಯಾ?" ಅಂತ ಮನೆಯಲ್ಲಿ ಕೇಳುತ್ತಲೇ ಇದ್ದಾರೆ. ಈಗ ಅವರಿಗೆ ಒಳ್ಳೇ ನೆಪ ಸಿಕ್ಕಿತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಚಾರ್ಜರ್ ಕಿತ್ತೆ, ಬ್ಯಾಟರಿ ತೆಗೆದೆ, ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿದೆ. ಒಳಗೆ ಉಳಿದ ಕರೆಂಟ್ ಖಾಲಿಯಾಗಲಿ ಅಂತ. ಮತ್ತೆ ಹಾಕಿ ಆನ್ ಮಾಡಿದರೆ ಅದೇ ಕಪ್ಪು. ಆಮೇಲೆ ಮೆಮೊರಿ ಪಟ್ಟಿ, ಅಂದರೆ ರ‍್ಯಾಮ್. ಬೆಂಗಳೂರಿನ ಯಾವ ಆಫೀಸಿಗೆ ಹೋದರೂ "ರ‍್ಯಾಮ್ ತೆಗೆದು ರಬ್ಬರ್‌ನಲ್ಲಿ ಉಜ್ಜಿ ಹಾಕು ಗುರು" ಅನ್ನುವವನು ಒಬ್ಬ ಇದ್ದೇ ಇರುತ್ತಾನೆ. ಸುಮ್ನೆ ಹೇಳುವ ಮಾತಲ್ಲ ಅದು, ಆ ಬಂಗಾರ ಬಣ್ಣದ ಕಾಲುಗಳ ಮೇಲೆ ಕೊಳೆ ಕೂತರೆ ಮೆಷಿನ್ ಶುರುವಾಗುವುದೇ ಇಲ್ಲ. ಮಗಳ ಪೆನ್ಸಿಲ್ ಬಾಕ್ಸಿನಿಂದ ರಬ್ಬರ್ ಕದ್ದು ಉಜ್ಜಿದೆ. ಏನೂ ಆಗಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಿರದ ಒಂದು ರಿಪೇರಿ ಅಂಗಡಿಗೆ ಒಯ್ದೆ. ಆತ ಆನ್ ಮಾಡಿದ, ಎರಡು ನಿಮಿಷ ನೋಡಿದ, ಮುಚ್ಚಿಟ್ಟ. "ಬೋರ್ಡ್ ಹೋಗಿದೆ ಸರ್. ಎಂಟು ಸಾವಿರ ಆಗತ್ತೆ. ಇಷ್ಟು ಹಳೇದಕ್ಕೆ ಯಾಕೆ ಸರ್, ಹೊಸದು ತಗೊಳ್ಳಿ." ಬೋರ್ಡ್ ಅಂದರೆ ಒಳಗಿನ ಎಲ್ಲ ಭಾಗಗಳೂ ಸೇರುವ ಮದರ್‌ಬೋರ್ಡ್. ಸ್ಕ್ರೂ ಕೂಡ ಬಿಚ್ಚಿರಲಿಲ್ಲ! ನನಗೆ ಅದೇ ಸಿಟ್ಟು. ಬೋರ್ಡ್ ಹೋಗಿದ್ದರೂ ಹೋಗಿರಬಹುದಿತ್ತು, ಆದರೆ ನೋಡದೆ ಹೇಳುವುದಾದರೆ ಅದಕ್ಕೆ ಅಂಗಡಿ ಯಾಕೆ ಬೇಕು?

ಮನೆಗೆ ಬಂದು ಮತ್ತೆ ಕೂತೆ. ಆನ್ ಮಾಡಿ ಒಂದು ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಒತ್ತಿದೆ. ಅದರ ಪುಟ್ಟ ಲೈಟ್ ಹತ್ತಿತು, ಮತ್ತೆ ಒತ್ತಿದರೆ ಆರಿತು. ಅಂದರೆ ಮೆಷಿನ್ ಬದುಕಿದೆ, ನಾನು ಒತ್ತಿದ್ದು ಅದಕ್ಕೆ ಗೊತ್ತಾಗುತ್ತಿದೆ. ಟೀವಿಯ ಎಚ್‌ಡಿಎಂಐ ಕೇಬಲ್ ತಂದು ಸಿಕ್ಕಿಸಿ, ವಿಂಡೋಸ್ ಕೀ ಜೊತೆ ಪಿ ಒತ್ತಿ, ಚಿತ್ರ ಯಾವ ಸ್ಕ್ರೀನಿಗೆ ಹೋಗಬೇಕೆಂದು ಒಂದೆರಡು ಸಲ ಬದಲಾಯಿಸಿದೆ. ಟೀವಿಯಲ್ಲಿ ಲಾಗಿನ್ ಪರದೆ ಬಂತು. ಎಂಟು ಸಾವಿರದ ಬೋರ್ಡ್ ಅಲ್ಲಿಗೆ ಉಳಿಯಿತು.

ಆಮೇಲೆ ರೂಮಿನ ಲೈಟ್ ಆರಿಸಿ, ಮೊಬೈಲ್ ಟಾರ್ಚ್ ಹಾಕಿ, ಸ್ಕ್ರೀನಿಗೆ ಓರೆಯಾಗಿ ಹಿಡಿದೆ. ಕಣ್ಣು ಕಿರಿದು ಮಾಡಿ ನೋಡಿದರೆ ಒಳಗೆ ಮಸುಕಾಗಿ ಗಡಿಯಾರ, ತಾರೀಖು, ಹಿಂದಿನ ಬೆಟ್ಟದ ಫೋಟೋ, ಎಲ್ಲ ಇದೆ! ಎಲ್‌ಸಿಡಿ ಸ್ಕ್ರೀನ್ ತಾನಾಗಿ ಬೆಳಗುವುದಿಲ್ಲ, ಚಿತ್ರ ಕಾಣಬೇಕಾದರೆ ಹಿಂದಿನಿಂದ ಎಲ್‌ಇಡಿ ಬೆಳಕು ಬೀಳಬೇಕು. (ಇನ್ನೂ ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಕಡ್ಡಿಯಂಥ ಟ್ಯೂಬ್‌ಲೈಟ್ ಮತ್ತು ಅದಕ್ಕೆ ಹೆಚ್ಚು ವೋಲ್ಟೇಜ್ ಕೊಡುವ ಒಂದು ಇನ್ವರ್ಟರ್ ಇರುತ್ತಿತ್ತು, ನಮ್ಮ ಮನೆ ಕರೆಂಟ್ ಹೋದಾಗ ಬೇಕಾಗುವ ಇನ್ವರ್ಟರ್ ಅಲ್ಲ.) ನನ್ನದರಲ್ಲಿ ಚಿತ್ರ ಬರುತ್ತಿತ್ತು, ಬೆಳಕು ಬರುತ್ತಿರಲಿಲ್ಲ. ಮುಚ್ಚಳವನ್ನು ನಿಧಾನವಾಗಿ ಹಿಂದೆ ಮುಂದೆ ಆಡಿಸಿದೆ. ಅರ್ಧ ಮುಚ್ಚಿದಾಗ ಒಂದು ಕಡೆ ಪಕ್ಕನೆ ಬೆಳಕು ಹೊಡೆದು ಹೋಯಿತು. ಇನ್ನು ಅನುಮಾನ ಇರಲಿಲ್ಲ. ಬೋರ್ಡಿನಿಂದ ಸ್ಕ್ರೀನಿಗೆ ಹೋಗುವ ಕೇಬಲ್, ಮುಚ್ಚಳ ತಿರುಗುವ ಕೀಲು ಅಂದರೆ ಹಿಂಜ್ ಪಕ್ಕದಲ್ಲೇ ತೂರಿ ಹೋಗುತ್ತದೆ. ಚಿತ್ರ, ಬೆಳಕಿಗೆ ಬೇಕಾದ ಕರೆಂಟ್ ಎರಡೂ ಅದರಲ್ಲೇ. ದಿನಕ್ಕೆ ನಾಲ್ಕೈದು ಸಲ ತೆಗೆದು ಮುಚ್ಚಿದರೆ ಹತ್ತು ವರ್ಷಕ್ಕೆ ಎಷ್ಟು ಸಲ ಮಡಚಿರಬೇಡ!

ಸೋಮವಾರ ಮಧ್ಯಾಹ್ನ ರಜೆ ಹಾಕಿ, ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋದೆ. ಗಾಡಿ ತಗೊಂಡು ಹೋಗುವ ಧೈರ್ಯ ನನಗಿಲ್ಲ, ಅಲ್ಲಿ ಪಾರ್ಕಿಂಗ್ ಹುಡುಕುವುದಕ್ಕಿಂತ ಕೇಬಲ್ ಹುಡುಕುವುದು ಸುಲಭ. ನ್ಯಾಷನಲ್ ಕಾಲೇಜಿನಲ್ಲಿ ಮೆಟ್ರೋ ಹತ್ತಿದರೆ ಮುಂದಿನ ಸ್ಟೇಷನ್ನೇ ಕೆ.ಆರ್. ಮಾರ್ಕೆಟ್, ಅಲ್ಲಿಂದ ನಡೆದೆ. ಮೂರನೇ ಅಂಗಡಿಯಲ್ಲಿ ಒಬ್ಬ ಹಿರಿಯರು ಸಿಕ್ಕರು. ಮಾಡೆಲ್ ಹೇಳಿದೆ. "ಮಾಡೆಲ್ ಸಾಲಲ್ಲ ಸರ್, ಟಚ್‌ದು ಬೇರೆ ಕೇಬಲ್, ಮಾಮೂಲಿದು ಬೇರೆ. ಬಿಚ್ಚಿ ನಂಬರ್ ನೋಡೋಣ" ಅಂದರು. ಬಿಚ್ಚಿದರು.

ಹಳೇ ಕೇಬಲ್ ಕೈಗೆ ಕೊಟ್ಟರು. ಹಿಂಜ್ ತಿರುಗುವ ಜಾಗದಲ್ಲೇ ಕಪ್ಪು ಟೇಪ್ ಸವೆದು, ಒಳಗಿನ ತಂತಿಗಳು ಎಳೆ ಬಿಟ್ಟ ದೀಪದ ಬತ್ತಿಯ ಹಾಗೆ ಕೆದರಿದ್ದವು. ಎರಡು ಪೂರ್ತಿ ತುಂಡು. ಕೂದಲಿಗಿಂತ ಸ್ವಲ್ಪ ದಪ್ಪ, ಅಷ್ಟೇ.

ಕೇಬಲ್‌ಗೆ 650, ಕೂಲಿ 300. ಹಿಂಜ್ ತುಂಬಾ ಬಿಗಿಯಾಗಿದೆ ಅಂತ ಅದರ ಸ್ಕ್ರೂ ಚೂರು ಸಡಿಲ ಮಾಡಿದರು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. "ಮೂಲೆ ಹಿಡಿದು ಎತ್ಬೇಡಿ ಸರ್, ಮಧ್ಯೆ ಹಿಡಿದು ಎತ್ತಿ" ಅಂದರು. ನಾನು ಇಷ್ಟು ವರ್ಷ ಬಲಗಡೆ ಮೂಲೆಯನ್ನೇ ಹಿಡಿದು ಎತ್ತುತ್ತಿದ್ದೆ. ಕೇಬಲ್ ಇದ್ದದ್ದೂ ಅದೇ ಕಡೆ.

ರಾತ್ರಿ ಆನ್ ಮಾಡಿದೆ. ಅರ್ಧಕ್ಕೆ ನಿಂತಿದ್ದ ಎಕ್ಸೆಲ್ ಶೀಟನ್ನು ಅದೇ ಉಳಿಸಿಟ್ಟುಕೊಂಡಿತ್ತು. ಮೂರನೇ ಮಹಡಿಯವರು ಎರಡು ತಿಂಗಳ ಮೇಂಟೆನೆನ್ಸ್ ಇನ್ನೂ ಕೊಟ್ಟಿಲ್ಲ.