ಆದಾಮನಿಂದ ನೋಹನವರೆಗೆ: ಹೆಸರುಗಳ ನೋಟ್‌ಬುಕ್, ಆರನೇ ವಾರ

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 5ನೇ ಅಧ್ಯಾಯದ ಹತ್ತೂ ಹೆಸರುಗಳ ಅರ್ಥ ಬರೆಯುವುದು ಈ ವಾರ ಮುಗಿಯಿತು. ಹೆಸರಿಗೊಂದು ಪುಟ ಸಾಕು ಅಂದುಕೊಂಡಿದ್ದೆ. ಮೆತೂಷೆಲಹನಿಗೇ ನಾಲ್ಕು ಪುಟ ಬೇಕಾಯಿತು.

ಕೆಲವು ಬೇಗ ಆದವು. ಆದಾಮ ಅಂದರೆ ಮನುಷ್ಯ, ಹೀಬ್ರೂವಿನಲ್ಲಿ ಮಣ್ಣು ‘ಅದಾಮಾ’. ಎನೋಷ ಅಂದರೂ ಮನುಷ್ಯನೇ. ಮಹಲಲೇಲ ಅಂದರೆ ದೇವರ ಸ್ತುತಿ. ಕೊನೆಯಲ್ಲಿರುವ ‘ಏಲ್’ ದೇವರು.

ನೋಹನ ಹತ್ತಿರ ಬಂದಾಗ ಕೆಲಸದ ಕ್ರಮವನ್ನೇ ಬದಲಾಯಿಸಬೇಕಾಯಿತು. 5:29ರಲ್ಲಿ ಲೆಮೆಕ ಮಗನಿಗೆ ಈ ಹೆಸರಿಟ್ಟು, ಇವನು ನಮ್ಮನ್ನು ಸಂತೈಸುತ್ತಾನೆ ಅನ್ನುತ್ತಾನೆ. ಸಂತೈಸುವುದಕ್ಕೆ ಅಲ್ಲಿರುವ ಧಾತು ನ-ಹ-ಮ. ನೋಹ ಎಂಬಲ್ಲಿ ಮಕಾರವೇ ಇಲ್ಲ. ಅದು ‘ವಿಶ್ರಮಿಸು’ ಎಂಬ ಅರ್ಥದ ‘ನೂಹ’ ಧಾತುವಿಗೆ ಹತ್ತಿರ. ಹಳೆಯ ಗ್ರೀಕ್ ಅನುವಾದವಾದ ಸೆಪ್ಟುಅಜಿಂಟ್‌ನಲ್ಲಂತೂ ಇದೇ ವಚನ ವಿಶ್ರಾಂತಿಯ ಮಾತನ್ನೇ ಆಡುತ್ತದೆ. ವಚನ ನಾದ ಹಿಡಿದು ಹೇಳುವ ಅರ್ಥ ಒಂದು, ಧಾತು ಹೇಳುವುದು ಇನ್ನೊಂದು. ಎರಡೂ ನನಗೆ ಬೇಕು, ಆದರೆ ಬೆರೆಯಬಾರದು. ಪ್ರತಿ ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ವಚನ, ಬಲಕ್ಕೆ ಧಾತು ಅಂತ ಹಿಂದಿನದನ್ನೆಲ್ಲ ಮತ್ತೆ ಬರೆದೆ. ಆದಾಮನ ಮಗ ಕಾಯಿನನ ಪುಟದಲ್ಲಿ ಈಗ ಎಡಕ್ಕೆ ‘ಪಡೆದೆನು’ (4:1), ಬಲಕ್ಕೆ ‘ಕಮ್ಮಾರ’. ಅರಬ್ಬಿಯಲ್ಲಿ ‘ಕೈನ್’ ಅಂದರೆ ಕಮ್ಮಾರ, ಮತ್ತು ಕಾಯಿನನ ಸಂತತಿಯಲ್ಲೇ ಲೋಹದ ಕೆಲಸದ ತೂಬಲ್‌ಕಾಯಿನ ಬರುತ್ತಾನೆ.

ಇನ್ನು ಮೆತೂಷೆಲಹ. ಮೊದಲ ವಾರ ‘ಇವನು ಸತ್ತಾಗ ಅದು ಬರುವುದು’ ಎಂದು ಬರೆದಿಟ್ಟಿದ್ದೆ. ‘ಅದು’ ಅಂದರೆ ಜಲಪ್ರಳಯ. ಚರ್ಚಿನ ಪ್ರಸಂಗಗಳಲ್ಲಿ ಕೇಳಿದ ಅರ್ಥ ಇದು. ಲೆಕ್ಕವೂ ಮನಸ್ಸನ್ನು ಸೆಳೆಯುತ್ತದೆ: ಇವನ 187ನೇ ವಯಸ್ಸಿನಲ್ಲಿ ಲೆಮೆಕ, ಲೆಮೆಕನ 182ರಲ್ಲಿ ನೋಹ, ನೋಹನ 600ರಲ್ಲಿ ಜಲಪ್ರಳಯ. ಕೂಡಿದರೆ 969, ಸರಿಯಾಗಿ ಇವನ ಆಯಸ್ಸು! ಎರಡು ಸಲ ಕೂಡಿ ನೋಡಿದೆ. ಲೆಕ್ಕ ಸರಿ, ಹೆಸರಿನ ಅರ್ಥ ಮಾತ್ರ ಹಾಗೆ ಹೊರಡುವುದಿಲ್ಲ. ‘ಮೆತೂ’ ಅನ್ನುವುದು ಗಂಡಸು ಎಂಬ ಹಳೆಯ ಪದ. ಅದರ ಬಹುವಚನ ‘ಮೆತಿಮ್’ ಹೀಬ್ರೂ ಬೈಬಲಿನಲ್ಲಿ ಉಳಿದಿದೆ, ಪ್ರಾಚೀನ ಮೆಸೊಪೊಟೇಮಿಯಾದ ಅಕ್ಕಾಡಿಯನ್ ಭಾಷೆಯಲ್ಲಿ ‘ಮುತು’ ಇದೆ. ‘ಶೆಲಹ’ ಎಸೆಯುವ ಆಯುಧವೂ ಆಗಬಹುದು, ನೀರಿನ ಕಾಲುವೆಯೂ ಆಗಬಹುದು. ‘ಶೆಲಹದವನು’ ಎಂದಷ್ಟೇ ಬರೆದು, ಹಳೆಯ ಸಾಲಿನ ಮೇಲೆ ಕೆಂಪು ಗೆರೆ ಎಳೆದೆ. ಓದಲು ಬರುವಂತೆ ಬಿಟ್ಟಿದ್ದೇನೆ.

4ನೇ ಅಧ್ಯಾಯದಿಂದ ಬಾಕಿ ಉಳಿದಿದ್ದ, ಕಾಯಿನನ ತಮ್ಮ ಹೇಬೆಲನ ಪುಟವನ್ನು ನಿನ್ನೆ ರಾತ್ರಿ ಬರೆದೆ. ಇಂಗ್ಲಿಷಿನ ‘ಏಬಲ್’ಗಿಂತ ನಮ್ಮ ಕನ್ನಡ ಬೈಬಲಿನ ರೂಪವೇ ಮೂಲಕ್ಕೆ ಹತ್ತಿರ. ‘ಹೆವೆಲ್’ ಅಂದರೆ ಉಸಿರು, ಆವಿ. ಬೈಬಲಿನ ಪ್ರಸಂಗಿಯ ಗ್ರಂಥದಲ್ಲಿ ‘ವ್ಯರ್ಥ’ ಎಂದಾಗಿರುವುದು ಇದೇ ಪದ. ಹುಟ್ಟಿದ ಮಗುವಿಗೆ ಯಾರು ತಾನೆ ಆವಿ ಅಂತ ಹೆಸರಿಟ್ಟಾರು? ಅಣ್ಣನ ಹೆಸರಿಗೆ ವಚನ ಕಾರಣ ಕೊಡುತ್ತದೆ, ಇವನದಕ್ಕೆ ಕೊಡುವುದಿಲ್ಲ. ಆ ಪುಟದ ಎಡಭಾಗ ಖಾಲಿ ಇದೆ, ತುಂಬುವುದಿಲ್ಲ.

ಮುಂದೆ 11ನೇ ಅಧ್ಯಾಯ. ಅಲ್ಲಿ ಬರುವ ಅಬ್ರಹಾಮನ ಪೂರ್ವಜರಾದ ಸೆರೂಗ, ನಾಹೋರ, ತೆರಹ ಎಂಬ ಹೆಸರುಗಳನ್ನು ಹೋಲುವ ಊರುಗಳು ಹಾರಾನ್ ಎಂಬ ಪ್ರಾಚೀನ ಪಟ್ಟಣದ (ಇಂದಿನ ಟರ್ಕಿಯಲ್ಲಿದೆ) ಸುತ್ತಮುತ್ತ ಇದ್ದವೆಂದು ಅಸ್ಸೀರಿಯಾದ ದಾಖಲೆಗಳಿಂದ ತಿಳಿಯುತ್ತದೆ. ಅದಕ್ಕೆ ಮೂರನೇ ಕಾಲಮ್ ಬೇಕು. ನಕ್ಷೆ ಬಿಡಿಸಲು ಕೂತಿದ್ದೇನೆ.