ಹುಸ್ತಾಯ್‌ಗೆ ಹೋದರೆ ಸಂಜೆಯವರೆಗೆ ನಿಲ್ಲಿ

ಮಂಗೋಲಿಯಾದ ಹುಸ್ತಾಯ್ ರಾಷ್ಟ್ರೀಯ ಉದ್ಯಾನವು ರಾಜಧಾನಿ ಉಲಾನ್‌ಬಾತರ್‌ನಿಂದ ಪಶ್ಚಿಮಕ್ಕೆ ಸುಮಾರು 100 ಕಿ.ಮೀ. ದೂರದಲ್ಲಿದೆ. ಒಂದೇ ದಿನದಲ್ಲಿ ನೋಡಿ ಬರಬಹುದೆಂದು ನಂಬಿಸಿದ ಚಾಲಕನು ಪೂರ್ತಿ ದಿನದ ಬಾಡಿಗೆಯನ್ನು ಮುಂಗಡವಾಗಿ ಪಡೆದು, ಜುಲೈ ಬಿಸಿಲಿನ ನಡುಮಧ್ಯಾಹ್ನಕ್ಕೆ ಅಲ್ಲಿ ಇಳಿಸಿ, ಮೂರು ಗಂಟೆಗೆಲ್ಲ ಹೊರಡೋಣವೆಂದು ಅವಸರಿಸಿದನು. ಬೇಸಿಗೆಯ ಹಗಲಿನಲ್ಲಿ, ಇಲ್ಲಿ ನೋಡಬೇಕಾದ ತಾಖಿ ಎಂಬ ಕಾಡುಕುದುರೆಗಳು ಸೆಕೆ ಮತ್ತು ನೊಣಗಳ ಕಾಟಕ್ಕೆ ಗಾಳಿ ಬೀಸುವ ದಿಣ್ಣೆಗಳ ಮೇಲಿರುತ್ತವೆ. ನೀರಿಗೆಂದು ಕಣಿವೆಗೆ ಇಳಿಯುವುದು ಸಾಮಾನ್ಯವಾಗಿ ಸಂಜೆ. ಇದು ಆ ಮನುಷ್ಯನಿಗೆ ಗೊತ್ತಿರಲಿಲ್ಲವೆಂದು ನಾನು ನಂಬಲಾರೆ. ಬಾಡಿಗೆ ಹೋದರೆ ಹೋಗಲೆಂದು ಅವನನ್ನು ಕಳುಹಿಸಿ, ಗೆರ್ ಎಂಬ ದುಂಡನೆಯ ಉಣ್ಣೆಡೇರೆಗಳ ಬಿಡಾರದಲ್ಲಿ ಉಳಿದುಕೊಂಡೆ.

ಡಾಂಬರು ಮುಗಿದ ಮೇಲಿನ ಮಣ್ಣುದಾರಿಯಲ್ಲಿ ಕೊರಕಲು ಕಂಡಾಗಲೆಲ್ಲ ಅವನು ಪಕ್ಕದ ಹುಲ್ಲಿಗೆ ಗಾಡಿ ಇಳಿಸುತ್ತಿದ್ದನು. ಎಲ್ಲರೂ ಹಾಗೆಯೇ ಮಾಡಿದ್ದರಿಂದ ಒಂದು ದಾರಿ ಐದಾರು ಜಾಡುಗಳಾಗಿ ಹರಡಿದೆ. ಮಳೆ ಕಡಿಮೆಯಿರುವ, ಹುಲ್ಲು ಚಿಗುರಲು ವರ್ಷಕ್ಕೆ ಕೆಲವೇ ತಿಂಗಳು ಸಿಗುವ ಆ ನೆಲವು ಚಕ್ರದಡಿ ಒಮ್ಮೆ ಗಟ್ಟಿಯಾದರೆ ಚೇತರಿಸಿಕೊಳ್ಳಲು ವರ್ಷಗಳೇ ಹಿಡಿಯುತ್ತವೆ. ಹಳೆಯ ಜಾಡು ಬಿಡಬಾರದೆಂದು ಹೊರಡುವ ಮೊದಲೇ ಮಾತಾಡಿಕೊಳ್ಳಿ.

ಸಸ್ಯಾಹಾರಿಗಳಿಗೆ ಬಿಡಾರದ ಊಟಕ್ಕಿಂತ ಹೆದ್ದಾರಿ ಬದಿಯ ಗುಆಂಜ್, ಅಂದರೆ ಸಣ್ಣ ಖಾನಾವಳಿಯೇ ವಾಸಿ. ನಾನು ಹೊಕ್ಕಲ್ಲಿ ಅಡುಗೆಯಾಕೆಯು ಕೈಸನ್ನೆ ಅರ್ಥಮಾಡಿಕೊಂಡು, ಆಗಷ್ಟೇ ಲಟ್ಟಿಸಿ ಕತ್ತರಿಸಿದ ಹಿಟ್ಟಿನ ಎಳೆಗಳಿಗೆ ಮಾಂಸದ ಬದಲು ಆಲೂಗಡ್ಡೆ, ಎಲೆಕೋಸು, ಗಜ್ಜರಿ ಹಾಕಿ ತ್ಸುಯ್ವಾನ್ ಮಾಡಿಕೊಟ್ಟಳು. ಜೊತೆಗೆ ಬಟ್ಟಲು ತುಂಬ ಸೂತೈ ತ್ಸಾಯ್ ಎಂಬ ಉಪ್ಪಿನ ಹಾಲುಚಹಾ. ಮೊದಲ ಗುಟುಕಿಗೆ ಮುಖ ಕಿವುಚಿದವನು ಮೂರನೆಯ ಬಟ್ಟಲನ್ನು ಕೇಳಿ ಪಡೆದೆ. ನಗರದಲ್ಲಿ ಒಂದು ಕಾಫಿಗೆ ತೆತ್ತದ್ದಕ್ಕಿಂತ ಬಿಲ್ಲು ಕಡಿಮೆಯಿತ್ತು.

ಖಾನಾವಳಿಯ ಹಿಂದೆ ಮೇಯುತ್ತಿದ್ದ ಹಿಂಡಿನಲ್ಲಿ ಕುರಿಗಳಿಗಿಂತ ಮೇಕೆಗಳೇ ಹೆಚ್ಚಾಗಿದ್ದವು. 1990ರ ನಂತರ ಸಾಮೂಹಿಕ ಪಶುಪಾಲನೆ ಕಳಚಿಬಿದ್ದು, ಮೇಕೆಯ ಮೃದುವಾದ ಕ್ಯಾಶ್ಮೀರ್ ಉಣ್ಣೆಯೇ ಕೈಗೆ ಕಾಸು ತರುವ ಸರಕಾದಾಗ ದೇಶದಾದ್ಯಂತ ಮೇಕೆಗಳ ಸಂಖ್ಯೆ ಏರಿತು, ಹುಲ್ಲು ಸವೆಯಿತು. ಚಳಿಗಾಲದ ಹಿಮಕ್ಕೆ ಜಾನುವಾರುಗಳು ಸಾಮೂಹಿಕವಾಗಿ ಸಾಯುವ ‘ಜ಼ುದ್’ ಬಡಿದರೆ ಆ ಕುಟುಂಬಗಳಿಗೆ ಉಳಿಯುವುದೇನೂ ಇಲ್ಲವಾದ್ದರಿಂದ, ಮೇಕೆ ಸಾಕುವವರನ್ನು ದೂರಲು ನನಗೆ ಮನಸ್ಸಾಗದು. ಆದರೂ ಉದ್ಯಾನದೊಳಗೆ ಕಾಲಿಟ್ಟೊಡನೆ ಹುಲ್ಲು ಮೊಣಕಾಲಿಗೆ ತಾಗುವುದನ್ನೂ, ಟಾರ್ಬಗನ್ ಮಾರ್ಮಾಟುಗಳೆಂಬ ದಪ್ಪ ನೆಲಅಳಿಲುಗಳು ಬಿಲದ ಬಾಯಲ್ಲಿ ನಿಂತು ಕೂಗುವುದನ್ನೂ ಕಂಡಾಗ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಏಳು ಗಂಟೆಯ ಸುಮಾರಿಗೆ ಹನ್ನೊಂದು ತಾಖಿಗಳು ಇಳಿದು ಬಂದವು: ನೆಟ್ಟಗೆ ನಿಂತ ಕೇಸರ, ಬಿಳಿಚಿದ ಹೊಟ್ಟೆ. 1960ರ ದಶಕದ ಕೊನೆಗೆ ಕಾಡಿನಿಂದ ಮರೆಯಾದ ಈ ಕುದುರೆಗಳು ಮೃಗಾಲಯಗಳಲ್ಲಿ ಉಳಿದಿದ್ದ ಹತ್ತಾರು ಪ್ರಾಣಿಗಳ ಸಂತತಿ. 1992ರಲ್ಲಿ ಮೊದಲ ತಂಡವನ್ನು ಇಲ್ಲಿಗೆ ತರಲಾಯಿತು. ಹತ್ತಿರ ಹೋಗಲು ಬಿಡುವುದಿಲ್ಲವಾದ್ದರಿಂದ ದುರ್ಬೀನು ಬೇಕು. ಜುಲೈಯಲ್ಲೂ ರಾತ್ರಿ ಸ್ವೆಟರ್ ಇಲ್ಲದೆ ಆಗುವುದಿಲ್ಲ; ನಾನು ಒಯ್ದಿರಲಿಲ್ಲ.