ಎರಡು ಬಯೋಲಾಜಿಕ್ ಇಂಜೆಕ್ಷನ್ ಕೂಡಿಸಿ ಕೊಡಬಾರದಾ?

ರಾಯಚೂರಿನಲ್ಲಿ ನಮ್ಮದೊಂದು ಮೆಡಿಕಲ್ ಶಾಪ್ ಇದೆ. ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಅಂತ ಕರುಳಿನ ಉರಿಯೂತ ಇರುವವರು ಹೈದರಾಬಾದಿನಲ್ಲಿ ತೋರಿಸಿಕೊಂಡು ಚೀಟಿ ಹಿಡಿದು ಬರುತ್ತಾರೆ. ಬಯೋಲಾಜಿಕ್ ಅಂದರೆ ಜೀವಕೋಶಗಳಿಂದ ತಯಾರಿಸಿದ, ಉರಿಯೂತ ತಡೆಯುವ ದುಬಾರಿ ಇಂಜೆಕ್ಷನ್. ಅದು ನಡೆದಿದ್ದರೂ ಮಲದಲ್ಲಿ ರಕ್ತ ನಿಲ್ಲದಿದ್ದಾಗ ಮನೆಯವರು ಕೇಳುತ್ತಾರೆ: "ಅಣ್ಣಾರ, ಒಂದು ಸಾಲಲಿಲ್ಲ ಅಂದ್ರ ಎರಡು ಕೂಡಿಸಿ ಕೊಟ್ಟರ ಆಗಂಗಿಲ್ಲೇನ್ರೀ?"

ಆಗುತ್ತದೆ. ಕೆಲವರಿಗೆ ಕೊಡುತ್ತಾರೆ ಕೂಡ. ಆದರೆ ಅದಕ್ಕೂ ಮೊದಲು ಡಾಕ್ಟರನ್ನು ಕೇಳಿ: ಈಗಿನದು ಯಾಕೆ ಕೆಲಸ ಮಾಡುತ್ತಿಲ್ಲ?

ಕಾರಣ ಹಲವು ಇರುತ್ತವೆ. ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್ ಮುಂತಾದ ಬಯೋಲಾಜಿಕ್‌ಗಳು ರಕ್ತದಲ್ಲಿ ಬೇಕಾದಷ್ಟು ಉಳಿಯದೇ ಇರಬಹುದು. ದೇಹವೇ ಔಷಧಿಯನ್ನು ಹೊರಗಿನದೆಂದು ತಿಳಿದು ಅದರ ವಿರುದ್ಧ ಆ್ಯಂಟಿಬಾಡಿ (ಪ್ರತಿಕಾಯ) ಕಟ್ಟಿಕೊಂಡಿರಬಹುದು. ಎರಡಕ್ಕೂ ರಕ್ತಪರೀಕ್ಷೆ ಇದೆ. ಬರೀ ಮಟ್ಟ ಕಡಿಮೆ ಇದ್ದರೆ ಡೋಸ್ ಜಾಸ್ತಿ ಮಾಡಿದರೇ ಸಾಕಾಗಬಹುದು. ಕೆಲವೊಮ್ಮೆ ಕರುಳಿಗೆ ಬೇರೆ ಸೋಂಕು ತಗುಲಿ ಕಾಯಿಲೆ ಕೆರಳಿದ ಹಾಗೆ ಕಾಣುತ್ತದೆ, ಮಲಪರೀಕ್ಷೆ ಬೇಕು. ನಮ್ಮ ಬಿಸಿಲನ್ನೂ ಮರೆಯಬೇಡಿ. ಅಡಾಲಿಮುಮ್ಯಾಬನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಲೂ ಬಿಡಬಾರದು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿದು. ದಾರಿಯುದ್ದಕ್ಕೂ ಅದು ತಣ್ಣಗಿತ್ತಾ ಅಂತ ನಾನು ಪ್ರತಿಯೊಬ್ಬರನ್ನೂ ಕೇಳುತ್ತೇನೆ.

ಕೂಡಿಸುವುದು ಹೊಸದೇನಲ್ಲ, ಅಲ್ವಾ? ಬಯೋಲಾಜಿಕ್ ಜೊತೆ ಮಾತ್ರೆ ಕೊಡುವುದು ಹಳೆಯ ಪದ್ಧತಿ. 2010ರಲ್ಲಿ ಬಂದ ಸಾನಿಕ್ ಅಧ್ಯಯನದಲ್ಲಿ 508 ಕ್ರೋನ್ಸ್ ರೋಗಿಗಳಿದ್ದರು. 26 ವಾರಕ್ಕೆ ಸ್ಟಿರಾಯ್ಡ್ ಇಲ್ಲದೆ ಕಾಯಿಲೆ ಹತೋಟಿಗೆ ಬಂದದ್ದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೋಪ್ರಿನ್ ಮಾತ್ರೆ ಒಂದನ್ನೇ ತಗೊಂಡವರಲ್ಲಿ ಶೇ. 30, ಇನ್‌ಫ್ಲಿಕ್ಸಿಮ್ಯಾಬ್ ಒಂದೇ ತಗೊಂಡವರಲ್ಲಿ ಶೇ. 44, ಎರಡೂ ತಗೊಂಡವರಲ್ಲಿ ಶೇ. 57.

ಎರಡು ಬಯೋಲಾಜಿಕ್ ಕೂಡಿಸುವ ವಿಚಾರ ಬೇರೆ. ಉರಿಯೂತ ಒಂದೇ ದಾರಿಯಲ್ಲಿ ಬರುವುದಿಲ್ಲ. ಟಿಎನ್ಎಫ್, ಐಎಲ್-23 ಎರಡೂ ಉರಿಯೂತ ಹೆಚ್ಚಿಸುವ ದೇಹದ ಪ್ರೋಟೀನ್‌ಗಳು. ಟಿಎನ್ಎಫ್ ಎಂಬ ದಾರಿ ಮುಚ್ಚಿದರೆ ಐಎಲ್-23 ದಾರಿ ತೆರೆದೇ ಇರಬಹುದು. ವೇಗಾ ಅಧ್ಯಯನದಲ್ಲಿ ಎರಡನ್ನೂ ಒಟ್ಟಿಗೆ ತಡೆದು ನೋಡಿದರು. 214 ಕೊಲೈಟಿಸ್ ರೋಗಿಗಳು. 12 ವಾರಕ್ಕೆ ಟಿಎನ್ಎಫ್ ತಡೆಯುವ ಗೋಲಿಮುಮ್ಯಾಬ್ ಒಂದೇ ಪಡೆದವರಲ್ಲಿ ಶೇ. 61, ಐಎಲ್-23 ತಡೆಯುವ ಗುಸೆಲ್ಕುಮ್ಯಾಬ್ ಒಂದೇ ಪಡೆದವರಲ್ಲಿ ಶೇ. 75, ಎರಡೂ ಪಡೆದವರಲ್ಲಿ ಶೇ. 83 ಮಂದಿಗೆ ಗುಣ ಕಂಡಿತು. ಗುಸೆಲ್ಕುಮ್ಯಾಬ್ ಪಕ್ಕ ಇಟ್ಟು ನೋಡಿ, ಅಂತರ ಅಂಥ ದೊಡ್ಡದಲ್ಲ. ಅಲ್ಲೂ ಜೋಡಿ ನಡೆದದ್ದು 12 ವಾರ ಮಾತ್ರ, ಆಮೇಲೆ ಒಂದೇ ಔಷಧಿ.

ಅದಕ್ಕೇ ಡಾಕ್ಟರುಗಳು ಒಂದೊಂದಾಗಿ ಹಲವು ಔಷಧಿ ಕೊಟ್ಟು ನೋಡಿದ ಮೇಲೆ ಈ ಯೋಚನೆ ಮಾಡುತ್ತಾರೆ. ಕರುಳು ಶಾಂತವಾಗಿ ಕೀಲುಬಾವು ಅಥವಾ ಸೋರಿಯಾಸಿಸ್ ಕಾಡುತ್ತಿದ್ದರೂ ಯೋಚಿಸುತ್ತಾರೆ. ಜೋಡಿಯಲ್ಲಿ ವೆಡೊಲಿಜುಮ್ಯಾಬ್ ಎಂಬ ಬಯೋಲಾಜಿಕ್ ಹೆಚ್ಚಾಗಿ ಇರುತ್ತದೆ. ಅದರ ಕೆಲಸ ಬಹುಮಟ್ಟಿಗೆ ಕರುಳಿಗೇ ಸೀಮಿತ. ಖರ್ಚಂತೂ ಎರಡು ಪಟ್ಟು. ಹೊಲ ಒತ್ತೆ ಇಡುವ ಮುನ್ನ ದಯವಿಟ್ಟು ಔಷಧಿ ಮಟ್ಟದ, ಆ್ಯಂಟಿಬಾಡಿಯ ಆ ರಕ್ತಪರೀಕ್ಷೆ ಮಾಡಿಸಿ.

ನನಗೆ ಹೆಚ್ಚು ಭಯ ಟಿಬಿಯದು. ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್‌ನಂತಹ ಟಿಎನ್ಎಫ್ ತಡೆಯುವ ಔಷಧಿ ಒಳಗೆ ಮಲಗಿರುವ ಟಿಬಿಯನ್ನು ಎಬ್ಬಿಸಬಹುದು. ಜೊತೆಗೆ ಕರುಳಿನ ಟಿಬಿ ಥೇಟ್ ಕ್ರೋನ್ಸ್‌ನಂತೆಯೇ ಕಾಣುತ್ತದೆ. ಹಾಗಾಗಿ ಎದೆಯ ಎಕ್ಸ್‌ರೇ, ಟಿಬಿ ಪತ್ತೆಗೆ ಮಾಂಟೂ (ಚರ್ಮದ ಪರೀಕ್ಷೆ) ಅಥವಾ ಇಗ್ರಾ (ರಕ್ತಪರೀಕ್ಷೆ) ಇಲ್ಲದೆ ಶುರು ಮಾಡಬೇಡಿ. ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಚಿಕಿತ್ಸೆ ನಡುವೆ ಸಂಜೆ ಜ್ವರ, ರಾತ್ರಿ ಬೆವರು, ಬಿಡದ ಕೆಮ್ಮು ಬಂದರೆ ಮುಂದಿನ ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ಮೊದಲೇ ಅವರಿಗೆ ಫೋನ್ ಮಾಡಿ.